ಮಾವನವರ ಜನತಾ ವಾಚು



ಹೋದ ಸಂಚಿಕೆಯಲ್ಲಿ ಶೇಂಗಾ ಹೋಳಿಗೆಯ ಬಗ್ಗೆ ಬರೆಯುತ್ತ, ಮಧ್ಯಾಹ್ನ ಎಲ್ಲರ ಊಟ ಮುಗಿದು ಭಾಂಡೆ ತಿಕ್ಕಿ ಆದ ಮೇಲೆ ನಾನು ಹಳೆಯ ವಾಚು ಬಿಚ್ಚಿಕೊಂಡು ಕೂಡುತ್ತೇನೆ ಎಂದು ಒಂದು ಮಾತು ಹೇಳಿದ್ದೆ. ಅದನ್ನು ಓದಿ ಅಥಣಿ ಕಡೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೋಳಿಗೆ ಚೆನ್ನಾಗಿ ಬಂದವಂತೆ. ಆದರೆ ವಾಚಿನ ಮಾತು ನಿಜವೋ ತಮಾಷೆಯೋ ಎಂದು ಕೇಳಿದ್ದಾರೆ. ಅವರ ಮನೆಯಲ್ಲೂ ತಂದೆಯವರ ಕಾಲದ ಒಂದು ಎಚ್‌ಎಂಟಿ ವಾಚು ಬಂದಾಗಿ ಕಪಾಟಿನಲ್ಲಿ ಬಿದ್ದಿದೆಯಂತೆ. ಬಿಚ್ಚಿ ನೋಡಲೇ ಎಂದು ಕೇಳಿದ್ದಾರೆ.

ಬಿಚ್ಚಬೇಡಿ! ಮೊದಲು ಇದನ್ನು ಪೂರ್ತಿ ಓದಿ.

ವಾಚಿನ ಮಾತು ನಿಜವೇ. ನನ್ನ ಹತ್ತಿರ ಈಗ ಚಾವಿ ಕೊಡುವ ವಾಚುಗಳು 31 ಇವೆ. ಅವುಗಳಲ್ಲಿ ನಡೆಯುವವು 19. ಉಳಿದವು ಸಾಮಾನು ಕಳಚಿಕೊಳ್ಳಲಿಕ್ಕೆ. ಬಂಗಾರದ್ದು ಒಂದೂ ಇಲ್ಲ, ಹೆಚ್ಚಿನವು ಎಚ್‌ಎಂಟಿಯವೇ. ಎಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹತ್ತಿಯ ಬಟ್ಟೆಯ ಮೇಲೆ ಮಲಗಿರುತ್ತವೆ. ನಮ್ಮ ಮನೆಯವರು ಆಗಾಗ ಚೇಷ್ಟೆ ಮಾಡುತ್ತಾರೆ, "ಗ್ವಾಡಿ ಮ್ಯಾಲ ಗಡಿಯಾರ ಐತಿ, ಮನ್ಯಾಗ ಮೂರು ಮೊಬೈಲ್ ಅದಾವು. ಇನ್ನ ಎಷ್ಟ್ ಟೈಮ್ ಬೇಕ ನಿನಗ?" ಎಂದು. ಕಬ್ಬಿನ ಬಿಲ್ಲು ಬಂದಾಗ ನಾನು ಒಂದು ಹಳೆ ವಾಚು ಕೊಂಡರೆ ಈ ಮಾತು ಖಂಡಿತ ಬರುತ್ತದೆ. ಬರಲಿ ಬಿಡಿ. ಅವರ ತಂದೆಯವರಿಂದಲೇ ಹತ್ತಿದ ಹುಚ್ಚು ಇದು.

ನಮ್ಮ ಮಾವನವರ ಮದುವೆ 1974ರಲ್ಲಿ. ಆಗಿನ ಮದುವೆಗಳು ನಿಮಗೆ ಗೊತ್ತು. ಅಳಿಯನಿಗೆ ಒಂದು ಉಂಗುರ, ಒಂದು ಸೈಕಲ್, ಅನುಕೂಲವಿದ್ದರೆ ಒಂದು ರೇಡಿಯೊ, ಮತ್ತು ವಾಚು. ಮದುಮಗಳಿಗೆ ವಾಚು ಕೊಟ್ಟದ್ದನ್ನು ನಮ್ಮ ಕಡೆ ನಾನು ಕೇಳಿಲ್ಲ. ಅವಳಿಗೇಕೆ ವಾಚು! ಕೋಳಿ ಕೂಗಿದಾಗ ಏಳುವುದು, ನೆರಳು ಕಟ್ಟೆಗೆ ಬಂದಾಗ ಬುತ್ತಿ ಕಟ್ಟುವುದು, ರೇಡಿಯೊದಲ್ಲಿ ವಾರ್ತೆ ಬಂದಾಗ ಒಲೆ ಹೊತ್ತಿಸುವುದು. ಅಷ್ಟಾದರೆ ಸಾಕಿತ್ತು.

ಮಾವನವರಿಗೆ ಬಂದದ್ದು ಎಚ್‌ಎಂಟಿ ಜನತಾ. ಹಿಂದೂಸ್ತಾನ್ ಮಷಿನ್ ಟೂಲ್ಸ್ ಕಾರ್ಖಾನೆ ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದದ್ದು ದೊಡ್ಡ ದೊಡ್ಡ ಯಂತ್ರ ಮಾಡಲಿಕ್ಕೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯ ಪಡೆದು ಅಲ್ಲಿಯೇ ಕೈಗಡಿಯಾರ ಮಾಡತೊಡಗಿದರು. ಮೊದಲ ತಂಡದ ವಾಚುಗಳನ್ನು ಪ್ರಧಾನಿ ನೆಹರೂ ಅವರೇ ಬಿಡುಗಡೆ ಮಾಡಿದ್ದರು. ಆಮೇಲೆ ಶ್ರೀನಗರದಲ್ಲಿ, ನಮ್ಮ ತುಮಕೂರಿನಲ್ಲಿ, ಉತ್ತರದ ರಾಣಿಬಾಗದಲ್ಲಿ ಕೂಡ ಕಾರ್ಖಾನೆಗಳಾದವು. ಹೆಸರುಗಳಾದರೂ ಎಷ್ಟು ಚೆಂದ ನೋಡಿ: ಜನತಾ, ಪೈಲಟ್, ಜವಾನ್, ಸೋನಾ, ಕೋಹಿನೂರ್, ಕಾಂಚನ, ಹೆಂಗಸರಿಗೆ ಸುಜಾತಾ. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಅವರು ಮಾಡಿದ್ದರು. ದುಡ್ಡು ಕೈಯಲ್ಲಿದ್ದರೂ ವಾಚು ಕೂಡಲೇ ಸಿಗುತ್ತಿರಲಿಲ್ಲವಂತೆ. ಹೆಸರು ಹಚ್ಚಿ ಕಾಯಬೇಕಾಗಿತ್ತು ಎಂದು ಮಾವನವರು ಹೇಳುತ್ತಿದ್ದರು. ಅವರ ಮಾವನವರು ಬೆಳಗಾವಿಗೆ ನಾಲ್ಕು ಸಲ ಓಡಾಡಿ ತಂದದ್ದಂತೆ ಅದು.

ನಾನು ದಿಗ್ಗೇವಾಡಿಗೆ ಸೊಸೆಯಾಗಿ ಬಂದದ್ದು 1999ರಲ್ಲಿ. ಬಂದ ಮರುದಿನವೇ ಕಂಡೆ. ಬೆಳಿಗ್ಗೆ ಸ್ನಾನವಾಗಿ, ಹಣೆಗೆ ಬುಕ್ಕ ಹಚ್ಚಿಕೊಂಡು, ದೇವರಿಗೆ ಕೈ ಮುಗಿದು, ಮಾವನವರು ಕಿಡಕಿಯ ಹತ್ತಿರ ನಿಂತು ವಾಚಿಗೆ ಚಾವಿ ಕೊಡುತ್ತಿದ್ದರು. ಕರ್ ಕರ್ ಎಂಬ ಆ ಸಣ್ಣ ಸಪ್ಪಳ ಆದ ಮೇಲೆಯೇ ಚಹಾ. ಎಷ್ಟೋ ವರ್ಷ ನಾನು ಚಹಾ ಸೋಸುತ್ತಿದ್ದದ್ದು ಆ ಸಪ್ಪಳ ಕೇಳಿಯೇ.

2004ರ ಆಷಾಢದಲ್ಲಿ ಅವರು ಪಂಢರಪುರದ ವಾರಿಗೆ ಹೋದರು. ಗರ್ದಿಯಲ್ಲಿ ಹೋದೀತೆಂದು ವಾಚನ್ನು ದೇವರ ಮಾಡದಲ್ಲಿ ಇಟ್ಟು ಹೋದರು. ವಾಚು ದಿನಕ್ಕೆ ಏಳೆಂಟು ನಿಮಿಷ ಹಿಂದೆ ಬೀಳುತ್ತಿತ್ತು. ಅವರು ಬರುವುದರೊಳಗೆ ನೆಟ್ಟಗೆ ಮಾಡಿ ಇಡೋಣ ಎಂಬ ಶಾಣ್ಯಾತನ ನನಗೆ ಬಂತು. ನನಗೆ ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಹಾಕಿ ರೂಢಿ ಇತ್ತು. ಅದಕ್ಕೆ ಇದು ತಮ್ಮನಿದ್ದಂತೆ ಎಂದುಕೊಂಡೆ. ಹಿಂದಿನ ಮುಚ್ಚಳವನ್ನು ಬಿಚ್ಚಿದೆ. ಒಳಗೆ ಒಂದು ಬಂಗಾರದ ಬಣ್ಣದ ಗಾಲಿ ಅತ್ತ ಇತ್ತ ತೂಗುತ್ತಿತ್ತು. ಜೀವ ಇದ್ದಂತೆ. ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿಯಿಂದ ಒಂದೇ ಒಂದು ಹನಿ ಬಿಟ್ಟೆ.

ವಾಚು ಓಡತೊಡಗಿತು ನೋಡಿ! ಒಂದು ತಾಸಿಗೆ ಹತ್ತು ನಿಮಿಷ ಮುಂದೆ. ಗಾಬರಿಯಾಗಿ ಎಣ್ಣೆ ಒರೆಸಲು ಹೋದೆ. ಸೂಜಿಗೆ ಹತ್ತಿ ಸುತ್ತಿ ಒರೆಸಿದೆ. ಸೂಜಿಯ ಮೊನೆಗೆ ಏನೋ ಸಿಕ್ಕಿತು, ಎಳೆದೆ. ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ ಮುದುಡಿಕೊಂಡು ಮೇಲೆ ಬಂತು. ವಾಚು ನಿಂತಿತು.

ಮಾವನವರು ಬರಲು ಇನ್ನೂ ಐದು ದಿನವಿತ್ತು. ಆ ಐದು ದಿನ ನಾನು ಹೇಗಿದ್ದೆ ಎಂದು ಹೇಳಲಾರೆ. ಎಷ್ಟು ಸುಳ್ಳು ಕಟ್ಟಿದೆನೋ! ಮಗು ಕೆಡವಿತು ಅನ್ನಲೇ, ತಾನಾಗಿಯೇ ನಿಂತಿತು ಅನ್ನಲೇ. ನಮ್ಮ ಮನೆಯವರಿಗೂ ಹೇಳಲಿಲ್ಲ. ಕಡೆಗೆ ಮಾವನವರು ಬಂದು ಪ್ರಸಾದದ ಚುರಮುರಿ ಕೈಗೆ ಕೊಟ್ಟಾಗ ಬಾಯಿಂದ ಸುಳ್ಳು ಹೊರಡಲಿಲ್ಲ. "ಮಾಮಾ, ವಾಚು ನಾನಽ ಕೆಡಿಸೇನ್ರಿ" ಎಂದುಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ವಾಚು ತೆಗೆದುಕೊಂಡು ಕಿವಿಗೆ ಹಿಡಿದರು. ಆಮೇಲೆ ಕೈಗೆ ಕಟ್ಟಿಕೊಂಡರು. ನಿಂತ ವಾಚನ್ನೇ ಕಟ್ಟಿಕೊಂಡು ಎರಡು ದಿನ ಹೊಲಕ್ಕೆ ಹೋಗಿ ಬಂದರು. ಬೆಳಿಗ್ಗೆ ಕಿಡಕಿಯ ಹತ್ತಿರ ಬಂದು ಸುಮ್ಮನೆ ನಿಂತು ಹೋಗುತ್ತಿದ್ದರು. ಮೂರನೆಯ ದಿನ, "ಯವ್ವಾ, ಛಲೋ ಸೀರಿ ಉಟ್ಕೊ, ಚಿಕ್ಕೋಡಿಗಿ ಹೋಗೂಣು" ಎಂದರು.

ಅಲ್ಲಿ ಒಬ್ಬ ಮುದುಕರು ಒಂದು ಗಾಜಿನ ಪೆಟ್ಟಿಗೆಯ ಹಿಂದೆ ಕೂತು ವಾಚು ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿದವರೇ, "ಯಾವ ಕಟಕ ಬಿಚ್ಚ್ಯಾನ್ರಿ ಇದನ್ನ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವನವರು ಶಾಂತವಾಗಿ ಹೇಳಿದರು, "ನಮ್ಮ ಸೊಸಿ ಬಿಚ್ಚ್ಯಾಳ್ರಿ. ಹೆಂಗ ಬಿಚ್ಚಬೇಕಂತ ಆಕೀಗಿ ಹೇಳಿಕೊಡ್ರಿ."

ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಣ್ಣುಮಕ್ಕಳ ಕೈಗೆ ಇದು ಬರುವುದಿಲ್ಲ ಎಂದರು. (ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಸಾಲಾಗಿ ಕೂತು ವಾಚು ಜೋಡಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಬಹಳ ಎಂದು ನನಗೆ ಆಮೇಲೆ ತಿಳಿಯಿತು. ಆಗ ಗೊತ್ತಿದ್ದರೆ ಅಲ್ಲಿಯೇ ಹೇಳುತ್ತಿದ್ದೆ!) ಆದರೂ ಕೂಡ್ರಿಸಿಕೊಂಡು ತೋರಿಸಿದರು. ಆಮೇಲೆ ಎರಡು ವರ್ಷ, ಚಿಕ್ಕೋಡಿಗೆ ಹೋಗುವ ಕೆಲಸ ಬಿದ್ದಾಗಲೆಲ್ಲ ಒಂದು ತಾಸು ಅವರ ಹತ್ತಿರ ಕೂತು ಬರುತ್ತಿದ್ದೆ. ಗುರುದಕ್ಷಿಣೆ ಎಂದರೆ ಒಂದು ಡಬ್ಬಿ ಕರದಂಟು, ಇಲ್ಲವೆ ಶೇಂಗಾದ ಉಂಡಿ.

ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಚಾವಿ ಕೊಡುವಾಗ ನಾವು ಒಳಗಿನ ಮೇನ್ ಸ್ಪ್ರಿಂಗನ್ನು ಬಿಗಿಯಾಗಿ ಸುತ್ತುತ್ತೇವೆ. ಚಕ್ಕುಲಿಯ ಹಾಗೆ ಸುತ್ತಿದ ಉಕ್ಕಿನ ಪಟ್ಟಿ ಅದು. ಅದು ಬಿಚ್ಚಿಕೊಳ್ಳುವಾಗ ಗಾಲಿಗಳನ್ನು ತಿರುಗಿಸುತ್ತದೆ. ತಡೆಯುವವರು ಇಲ್ಲದಿದ್ದರೆ ಕ್ಷಣದಲ್ಲಿ ಗರ್ ಎಂದು ಬಿಚ್ಚಿ ಖಾಲಿ. ಬಾವಿಯ ರಾಟಿಯ ಮೇಲೆ ಹಗ್ಗ ಬಿಟ್ಟರೆ ಕೊಡ ಧಡ್ ಎಂದು ಬೀಳುತ್ತದೆ. ಕೈಯಲ್ಲಿ ಹಿಡಿದು ಹಿಡಿದು ಬಿಟ್ಟರೆ ನಿಧಾನ ಇಳಿಯುತ್ತದೆ. ವಾಚಿನಲ್ಲಿ ಹಾಗೆ ಹಿಡಿದು ಬಿಡುವ ಕೈ ಎಂದರೆ ತೂಗುವ ಆ ಗಾಲಿ, ಬ್ಯಾಲೆನ್ಸ್ ಎನ್ನುತ್ತಾರೆ. ಅದರ ಜೊತೆ ಒಂದು ಸಣ್ಣ ಕವೆ. ಗಾಲಿ ಒಮ್ಮೆ ತೂಗಿದರೆ ಕವೆ ಒಂದು ಹೆಜ್ಜೆ ಬಿಡುತ್ತದೆ. ಆ ಸಪ್ಪಳವೇ ಟಿಕ್. ಜನತಾ ವಾಚಿನಲ್ಲಿ ತಾಸಿಗೆ 18,000 ಸಲ, ಎಂದರೆ ಒಂದು ಸೆಕೆಂಡಿಗೆ 5. ಒಂದು ಹಗಲು ಒಂದು ರಾತ್ರಿಗೆ ಲೆಕ್ಕ ಹಾಕಿ ನೋಡಿ, 4,32,000 ಆಗುತ್ತದೆ. ನಾವು ಮಲಗಿದಾಗಲೂ ನಿಲ್ಲದ ದುಡಿತ ಅದು. ಬೇರೆ ಯಾರ ದುಡಿತ ಹಾಗೆ ಎಂದು ನಾನು ಹೇಳುವುದಿಲ್ಲ!

ಬ್ಯಾಲೆನ್ಸ್ ಗಾಲಿಯನ್ನು ಅತ್ತ ಇತ್ತ ಎಳೆಯುವುದು ಹೇರ್ ಸ್ಪ್ರಿಂಗ್. ನಾನು ಕೆಡಿಸಿದ್ದು ಅದನ್ನೇ. ಅದಕ್ಕೆ ಎಣ್ಣೆಯ ಪಸೆಯೂ ತಾಗಬಾರದು. ತಾಗಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ಮುಂದೆ ಓಡುತ್ತದೆ. ಅಯಸ್ಕಾಂತದ ಹತ್ತಿರ ಇಟ್ಟರೂ ಹಾಗೆಯೇ ಅಂಟುತ್ತದೆ. ರೇಡಿಯೊ, ಸ್ಪೀಕರ್‌ಗಳ ಮೇಲೆ ವಾಚು ಇಡಬೇಡಿ ಎನ್ನುವುದು ಅದಕ್ಕೇ. ಇನ್ನು ಎಣ್ಣೆ ಬೇಕಾದಲ್ಲಿ ಬೇಕು, ಆದರೆ ವಾಚಿನ ಎಣ್ಣೆಯೇ ಬೇರೆ. ಹೊಲಿಗೆ ಯಂತ್ರದ್ದು ತೆಳುವಾಗಿ ಎಲ್ಲ ಕಡೆ ಹರಿದು ಹೋಗುತ್ತದೆ, ವಾಚಿನದು ಇಟ್ಟಲ್ಲಿ ಕೂಡುತ್ತದೆ. ಇಡುವುದಾದರೂ ಎಷ್ಟು? ಸಾಸಿವೆ ಕಾಳನ್ನು ನೂರು ಹೋಳು ಮಾಡಿದರೆ ಒಂದು ಹೋಳಿನಷ್ಟು ಎಂದು ಮುದುಕರು ಹೇಳುತ್ತಿದ್ದರು.

ಮಾವನವರ ವಾಚಿಗೆ ಹೇರ್ ಸ್ಪ್ರಿಂಗ್ ನೆಟ್ಟಗಾಗಲಿಲ್ಲ. ಮುದುಕರು ಸತ್ತುಬಿದ್ದ ಇನ್ನೊಂದು ಜನತಾ ವಾಚಿನಿಂದ ಬ್ಯಾಲೆನ್ಸ್ ಸಮೇತ ತೆಗೆದು ಇದಕ್ಕೆ ಕೂಡಿಸಿದರು. ಮೇಲೆ ಗಾಜು ಇಲ್ಲದ, ಮುಳ್ಳು ಇಲ್ಲದ ಆ ಸತ್ತ ವಾಚನ್ನು ನನ್ನ ಕೈಗೆ ಹಾಕಿ, ಇದನ್ನು ಬಿಚ್ಚಿ ಜೋಡಿಸಿ ಕಲಿ ಎಂದರು. ನನ್ನ ಡಬ್ಬಿಯ ಮೊದಲ ವಾಚು ಅದೇ. ಹೊಸ ಸಾಮಾನು ಸಿಗುವುದು ಕಡಿಮೆಯಾದಂತೆ ಒಂದಕ್ಕೆ ಜೀವ ಬರಿಸಲು ಇನ್ನೊಂದು ಬೇಕೇ ಬೇಕು. ಹೀಗೆ ಕುಡಚಿಯಲ್ಲಿ, ಮಿರಜದ ಗುಜರಿಯಲ್ಲಿ, ನೆಂಟರ ಮನೆಯ ಕಪಾಟಿನಲ್ಲಿ ಕೂಡಿಸುತ್ತ ಹೋದೆ. ಎರಡು ಸತ್ತವು ಸೇರಿ ಒಂದು ಬದುಕಿದ್ದೂ ಉಂಟು.

ಕೊಳ್ಳುವುದರಲ್ಲಿ ಮೋಸವೂ ಆಗಿದೆ. ಒಮ್ಮೆ ಕೆಂಪು ಬಣ್ಣದ ಥಳಥಳಿಸುವ ಮುಖದ ಪೈಲಟ್ ಕಂಡು ಹಿಗ್ಗಿ ಕೊಂಡೆ. ಮನೆಗೆ ಬಂದು ಬಿಚ್ಚಿದರೆ ಹಳೆ ಮುಖಕ್ಕೆ ಹೊಸ ಬಣ್ಣ ಬಳಿದು, ಒಳಗೆ ನಾಲ್ಕು ವಾಚಿನ ಸಾಮಾನು ತುಂಬಿದ್ದರು. ವಾಚು 40 ವರ್ಷ ಹಳೆಯದು, ಮುಖ ಮಾತ್ರ ನಿನ್ನೆಯದು ಎಂದರೆ ಸಂಶಯ ಪಡಿ. ಇನ್ನು 17 ಕಲ್ಲಿನ ವಾಚು ಎಂದರೆ ಒಳಗೆ 17 ಮಾಣಿಕ್ಯ ಇವೆ ಎಂದು ಆಸೆಪಡುವವರೂ ಇದ್ದಾರೆ. ಇರುವುದು ನಿಜ, ಆದರೆ ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಗಾಲಿಯ ಅಚ್ಚು ಸವೆಯದಿರಲೆಂದು ಇಟ್ಟದ್ದು. ಒಂದು ಮೂಗುತಿಗೂ ಆಗುವುದಿಲ್ಲ.

ಬ್ಯಾಟರಿಯ ವಾಚು ಬಂದ ಮೇಲೆ ಚಾವಿಯ ವಾಚು ಹಿಂದೆ ಬಿತ್ತು. ಟೈಟಾನ್ ಕಂಪನಿ 1984ರಲ್ಲಿ ಹುಟ್ಟಿತು, ಹೊಸೂರಿನಲ್ಲಿ ಕಾರ್ಖಾನೆ ಹಾಕಿತು. ಬ್ಯಾಟರಿ ವಾಚು ಚಾವಿ ಕೇಳುವುದಿಲ್ಲ, ಹೊತ್ತೂ ಹೆಚ್ಚು ನೆಟ್ಟಗೆ. ಅದನ್ನು ಒಪ್ಪಲೇಬೇಕು. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಕೇಳಲು ಮಾವನವರು ಇರಲಿಲ್ಲ. ಅವರು ತೀರಿಕೊಂಡದ್ದು 2013ರಲ್ಲಿ.

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದದ್ದು ನಿಮಗೆಲ್ಲ ನೆನಪಿದ್ದೀತು. ನಮ್ಮ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಹೊಳೆದಂಡೆಯ ಊರುಗಳ ಪಾಡು ಕೇಳಬೇಡಿ. ನಾವೂ ದನ ಬಿಚ್ಚಿಕೊಂಡು, ಹಿಟ್ಟು, ಕಾಗದಪತ್ರ ಕಟ್ಟಿಕೊಂಡು ನೆಂಟರ ಮನೆ ಸೇರಿದೆವು. ಬಿಸ್ಕೀಟಿನ ಡಬ್ಬಿಯನ್ನು ನಾನು ಜೋಳದ ಹಿಟ್ಟಿನ ಚೀಲದೊಳಗೆ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ವಾಚು ಕಟ್ಟಿಕೊಂಡು ಬಂದಾಳೆ ಎಂದಾರೆಂದು ನಾಚಿಕೆ.

ನೀರು ಇಳಿದ ಮೇಲೆ ಒಬ್ಬೊಬ್ಬರೇ ಬಂದರು. ಸೆರಗಿನ ಗಂಟಿನಿಂದ, ಅಂಗಿಯ ಕಿಸೆಯಿಂದ ರಾಡಿ ತುಂಬಿದ ವಾಚುಗಳು ಬಂದವು. ಒಟ್ಟು ಹನ್ನೊಂದು. ಕೆಲವರು ಬಿಸಿಲಿಗೆ ಇಟ್ಟಿದ್ದರು, ಒಬ್ಬರು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದರು. ಇದರಿಂದ ಏನೂ ಆಗುವುದಿಲ್ಲ, ಸೋದರಿಯರೇ. ಒಳಗಿನ ಉಕ್ಕಿಗೆ ತುಕ್ಕು ಹಿಡಿಯಲು ಒಂದೆರಡು ದಿನ ಸಾಕು. ನೀರು ಹೊಕ್ಕ ವಾಚನ್ನು ಅದೇ ದಿನ ಬಿಚ್ಚಿಸಿ ತೊಳೆಯಿಸಬೇಕು.

ಹನ್ನೊಂದರಲ್ಲಿ ನಾಲ್ಕು ನಡೆದವು. ನಡೆಯದವುಗಳಲ್ಲಿ ಒಂದು ನಮ್ಮ ಓಣಿಯ ಒಬ್ಬ ಅಜ್ಜಿಯದು, ತೀರಿಹೋದ ಗಂಡನದು. ಒಳಗೆಲ್ಲ ತುಕ್ಕಿನ ಮುದ್ದೆ. ಒಳಗಿನ ಯಂತ್ರ ಪೂರ್ತಿ ತೆಗೆದು ಬೇರೆ ವಾಚಿನದು ಹಾಕಬೇಕು, ಮೇಲಿನ ಮನೆ ಮತ್ತು ಮುಳ್ಳು ಮಾತ್ರ ಉಳಿಯುತ್ತವೆ ಎಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗಾದ್ರ ಅದು ಅವರದಽ ಉಳೀತೈತೇನು ಮಗಳ?"

ನನಗೆ ಉತ್ತರ ಗೊತ್ತಾಗಲಿಲ್ಲ. ನಮ್ಮ ಮಾವನವರ ವಾಚಿನಲ್ಲಿಯೂ ಇನ್ನಾರದೋ ಬ್ಯಾಲೆನ್ಸ್ ತೂಗುತ್ತಿದೆ, ಆದರೂ ಅದನ್ನು ನಾವು ಅವರದೆಂದೇ ಅನ್ನುತ್ತೇವೆ, ಎಂದಷ್ಟೇ ಹೇಳಿದೆ. ಅಜ್ಜಿ ಮರುದಿನ ಬಂದರು. "ಮ್ಯಾಲಿಂದು ಅವರದು ಇರಲಿ, ಒಳಗಿಂದು ಯಾರದರ ಇರಲಿ. ನಡೀಲಿ" ಎಂದರು. ನನ್ನ ಡಬ್ಬಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಒಂದು ವಾಚಿನ ಯಂತ್ರ ತೆಗೆದು ಹಾಕಿಕೊಟ್ಟೆ. ಕಳ್ಳಳೇಕೆ ಆಗಲಿ, ತೆಗೆಯುವಾಗ ಹೊಟ್ಟೆಯಲ್ಲಿ ಚುರ್ ಎಂದದ್ದು ನಿಜ.

ಈಗ ಅಥಣಿಯ ಸೋದರಿಗೆ. ನಿಮ್ಮ ತಂದೆಯವರ ವಾಚನ್ನು ಮೊದಲು ಮೆಲ್ಲಗೆ ಚಾವಿ ಕೊಟ್ಟು ನೋಡಿ. ಚಾವಿ ತುಂಬಿಯೂ ನಡೆಯದಿದ್ದರೆ ಹೆಚ್ಚಾಗಿ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ತಟ್ಟಬೇಡಿ, ಜಾಡಿಸಬೇಡಿ. ಚಾವಿ ಎಷ್ಟು ತಿರುವಿದರೂ ಬಿಗಿಯಾಗದಿದ್ದರೆ ಮೇನ್ ಸ್ಪ್ರಿಂಗ್ ಹರಿದಿರಬಹುದು. ಎರಡಕ್ಕೂ ಬಲ್ಲವರ ಕೈ ಬೇಕು. ಅಥಣಿಯಲ್ಲೋ ಮಿರಜದಲ್ಲೋ ಚಾವಿಯ ವಾಚು ಬಲ್ಲ ಹಳಬರನ್ನು ಹುಡುಕಿ, ನಿಮ್ಮ ಎದುರಿಗೇ ಬಿಚ್ಚಲು ಹೇಳಿ. ನಡೆಯತೊಡಗಿದ ಮೇಲೆ ದಿನಾ ಒಂದೇ ಹೊತ್ತಿಗೆ ಚಾವಿ ಕೊಡಿ. ಬಿಗಿಯಾಯಿತು ಎಂದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಿ. ತಾರೀಖಿನ ವಾಚಾಗಿದ್ದರೆ ರಾತ್ರಿ 9ರಿಂದ ಬೆಳಗಿನ 3ರವರೆಗೆ ತಾರೀಖು ತಿರುವಬೇಡಿ, ಹಲ್ಲು ಮುರಿಯುತ್ತವೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಸಾಫ್ ಮಾಡಿಸಿ.

ನೀವೇ ಮಾಡಬಹುದಾದ ಒಂದು ಕೆಲಸ ಇದೆ. ಜನತಾದಂಥ ವಾಚುಗಳ ಮೇಲಿನ ಗಾಜು ಗಾಜಲ್ಲ, ಪ್ಲಾಸ್ಟಿಕ್ಕಿನ ಜಾತಿಯದು. ಗೀಚು ಬಿದ್ದು ಮಬ್ಬಾಗಿದ್ದರೆ ಬಿಳಿ ಟೂತ್‌ಪೇಸ್ಟನ್ನು ಮೆತ್ತನೆ ಬಟ್ಟೆಗೆ ಹಚ್ಚಿ ಹತ್ತು ನಿಮಿಷ ಗುಂಡಗೆ ತಿಕ್ಕಿ, ಅಂಚಿಗೆ ಹಸಿ ತಾಗದಂತೆ ಒರೆಸಿ. ಹೊಸದರಂತೆ ಆಗುತ್ತದೆ. ಕಲಿಯುವ ಆಸೆ ಇದ್ದರೆ ಸತ್ತ ವಾಚಿನಿಂದ ಶುರು ಮಾಡಿ, ಬದುಕಿದ್ದರಿಂದ ಅಲ್ಲ. ಪೆಟ್ರೋಲಿನಲ್ಲಿ ಸಾಮಾನು ತೊಳೆಯುವವರು ಒಲೆ, ಗ್ಯಾಸು, ದೇವರ ದೀಪ ಯಾವುದೂ ಹತ್ತಿರ ಇರದಂತೆ, ಗಾಳಿಯಾಡುವ ಪಡಸಾಲೆಯಲ್ಲಿ ಕೂತುಕೊಳ್ಳಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಬಿದ್ದ ಒಂದು ತಿರುಪನ್ನು ನಾನು ಮೂರು ದಿನ ಹುಡುಕಿ ಕಡೆಗೆ ಅಕ್ಕಿ ಆರಿಸುವಾಗ ಕಂಡಿದ್ದೇನೆ.

ಮಾವನವರ ಜನತಾ ಈಗ ನನ್ನ ಡಬ್ಬಿಯಲ್ಲಿಲ್ಲ. ಅದು ನಮ್ಮ ಅತ್ತಿಯವರ ಎಲೆಯಡಿಕೆ ಚಂಚಿಯಲ್ಲಿದೆ. ಸುಣ್ಣದ ಪುಡಿ ಹೊಕ್ಕೀತು ಎಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಕಡೆಗೆ ಒಂದು ಸಣ್ಣ ರೇಷ್ಮೆಯ ಚೀಲ ಹೊಲಿದು ಕೊಟ್ಟಿದ್ದೇನೆ. ಅತ್ತಿಯವರು ಸಾಲಿಗೆ ಹೋದವರಲ್ಲ. ಗಡಿಯಾರ ನೋಡಲು ಅವರಿಗೆ ಬರುವುದಿಲ್ಲ. ಮಾವನವರು ಹೋದ ಹದಿನಾಲ್ಕನೆಯ ದಿನ ಬೆಳಿಗ್ಗೆ ನಾನು ಚಹಾ ಇಟ್ಟಿದ್ದೆ. ಕಿಡಕಿಯ ಹತ್ತಿರದಿಂದ ಕರ್ ಕರ್ ಸಪ್ಪಳ ಕೇಳಿತು. ಹೋಗಿ ನೋಡಿದರೆ ಅವರು ನಿಂತಿದ್ದರು. ಎಷ್ಟು ಸುತ್ತು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಾನು ಹೇಳಿಕೊಡಲು ಹೋದೆ. "ನನಗ ಗೊತ್ತೈತಿ. ಮೂವತ್ತೊಂಬತ್ತ ವರ್ಷ ಕೇಳೇನಿ" ಎಂದರು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಮಹಾಪೂರದಲ್ಲಿ ನೆಂಟರ ಮನೆಯಲ್ಲಿದ್ದಾಗಲೂ ತಪ್ಪಿಲ್ಲ.

ಆ ವಾಚು ಸಾಫ್ ಮಾಡುವ ಕಾಲ ಈಗ ಮತ್ತೆ ಬಂದಿದೆ. ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿದೆ. ಬಿಚ್ಚಿದರೆ ಎರಡು ದಿನವಾದರೂ ಬೇಕು. ಆ ಎರಡು ದಿನ ಅವರ ಕೈಗೆ ಇರಲೆಂದು ಡಬ್ಬಿಯಿಂದ ಒಂದು ಸುಜಾತಾ ತೆಗೆದು ಕೊಟ್ಟು ನೋಡಿದೆ. ಹೆಂಗಸರದು, ಪುಟ್ಟದು, ನಾನೇ ಕೂಡಿಸಿದ್ದು. ಅವರು ಕಿವಿಗೆ ಹಿಡಿದು ಕೇಳಿ ಹಿಂದಕ್ಕೆ ಕೊಟ್ಟರು.

"ಛಲೋ ಐತಿ. ಆದ್ರ ಇದರ ದನೀ ಬ್ಯಾರೆ."

ಇನ್ನೊಂದು ಜನತಾ ಹುಡುಕುತ್ತಿದ್ದೇನೆ.